ಮೂರನೆಯ ಫಿಲಂ

ಅವರು ತೀರಿಕೊಂಡ ಸುದ್ದಿ ನನಗೆ ಬಸ್ಸಿನಲ್ಲಿ ಸಿಕ್ಕಿತು. ಯಳಂದೂರಿಗೆ ಹೋಗಿ ತಾಯಿಯನ್ನು ನೋಡಿಕೊಂಡು ಕೊಳ್ಳೇಗಾಲಕ್ಕೆ ವಾಪಸು ಬರುತ್ತಿದ್ದೆ. ಡ್ರೈವರು ನನ್ನ ಗಂಡನ ಜೊತೆ ಹತ್ತು ವರ್ಷ ಕೆಲಸ ಮಾಡಿದವನು. ನನ್ನನ್ನು ಕಂಡರೆ ಈಗಲೂ ಮುಂದಿನ ಸೀಟು ಬಿಡಿಸಿಕೊಡುತ್ತಾನೆ. "ಅಕ್ಕಾ, ಎಕ್ಸ್‌ರೇ ಸಾ ಓಗ್ಬುಟ್ರಂತೆ, ಅನೂರ್ನಲ್ಲಿ. ಮೊನ್ನೆ ಬೆಳಿಗ್ಗೆ ಕಾಪಿ ಕುಡ್ದು ಜಗಲಿ ಮ್ಯಾಲೆ ಕುಂತಿದ್ರಂತೆ, ಅಂಗೇ ಒರಗ್ಬುಟ್ರಂತೆ" ಎಂದ. ನಾನು "ಹೌದಾ" ಎಂದೆ. ಆಮೇಲೆ ಕೈಯಲ್ಲಿದ್ದ ಟಿಕೆಟ್ಟನ್ನು ಎಷ್ಟು ಸಣ್ಣಗೆ ಮಡಚಿದ್ದೆನೆಂದರೆ, ಚೆಕಿಂಗಿಗೆ ಹತ್ತಿದವನಿಗೆ ಬಿಡಿಸಿ ತೋರಿಸುವಾಗ ಅದು ಹರಿದೇ ಹೋಯಿತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಹಿಡಿದು ಅವರನ್ನು ಕರೆದವರೂ ಕಡಿಮೆ. ಪೇಟೆಯವರಿಗೆ, ಹಳ್ಳಿಯವರಿಗೆ, ಬೆಟ್ಟದಿಂದ ಇಳಿದು ಬರುವವರಿಗೆ ಎಲ್ಲರಿಗೂ ಅವರು ಎಕ್ಸ್‌ರೇ ಸಾ. ಹಳೆಯ ಡಾಕ್ಟರೊಬ್ಬರ ಕ್ಲಿನಿಕ್ಕಿನ ಹಿಂದುಗಡೆ ಕಿಟಕಿ ಚಿಕ್ಕದಾದ ಒಂದು ಕೋಣೆ, ಅದರೊಳಗೆ ಅವರ ಮಿಷನ್ನು, ಪಕ್ಕದಲ್ಲಿ ಫಿಲಂ ತೊಳೆಯುವ ಕತ್ತಲೆ ಗೂಡು. ಆಳು ಉದ್ದ, ಬಾಗಿಲು ಗಿಡ್ಡ. ಇಪ್ಪತ್ತು ವರ್ಷ ಅದರೊಳಗೆ ಓಡಾಡಿದರೂ ವಾರಕ್ಕೊಮ್ಮೆ ಹಣೆ ಬಡಿಸಿಕೊಳ್ಳುತ್ತಿದ್ದರು. ಬೆರಳ ತುದಿಗಳೆಲ್ಲ ಔಷಧದ ನೀರಿನಿಂದ ಕಂದಾಗಿದ್ದವು. ಆ ಬೆರಳಲ್ಲಿ ಉಪ್ಪಿನಕಾಯಿ ಜಾಡಿ ಮುಟ್ಟಲು ಅವರ ಹೆಂಡತಿ ಬಿಡುತ್ತಿರಲಿಲ್ಲವಂತೆ. "ನಮ್ಮನೇಲಿ ನಾನೊಬ್ನೇ ಮೈಲಿಗೆ ಕಣ್ರಿ" ಎಂದು ಹೇಳಿಕೊಂಡು ನಗುತ್ತಿದ್ದರು.

ಕೊಳ್ಳೇಗಾಲ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ವರ್ಷವೇ ಅವರು ಈ ಕೆಲಸಕ್ಕೆ ಸೇರಿದ್ದು. ಮಿಷನ್ನು ಅದಕ್ಕೂ ಹಳೆಯದು, ಕೊಯಮತ್ತೂರಿನಲ್ಲಿ ಯಾರೋ ಬಳಸಿ ಬಿಟ್ಟದ್ದು. ಕರೆಂಟು ಇಳಿದು ಅದು ಗುರ್ರೆಂದು ಮೊಂಡು ಹಿಡಿದಾಗ ಎಕ್ಸ್‌ರೇ ಸಾ ಅದರ ಮೈ ಸವರಿ ತಮಿಳಿನಲ್ಲಿ ರಮಿಸುತ್ತಿದ್ದರು. ಯಾಕೆ ಎಂದು ಕೇಳಿದರೆ, "ಅದು ಆ ಕಡೇದು, ಅದ್ಕೆ ಕನ್ನಡ ಬರಾಕಿಲ್ಲ. ರಾಜ್ಯ ಬದ್ಲಾಗಿದ್ದು ನಮ್ಗೆ, ಅದ್ಕಲ್ಲ" ಎನ್ನುತ್ತಿದ್ದರು.

ರೋಗಿಗೆ ಅವನ ಫಿಲಂ ತೋರಿಸದೆ ಕಳಿಸುತ್ತಿರಲಿಲ್ಲ. ಡಾಕ್ಟರು ನೋಡುವ ಮೊದಲೇ ಕಿಟಕಿಯ ಬೆಳಕಿಗೆ ಹಿಡಿದು, ಕಂದು ಬೆರಳಿಂದ ತೋರಿಸುತ್ತ ಹೋಗುವರು. "ಇವು ಜಂತೆ. ಇದು ನಡುಗಂಬ. ಎಡಕ್ಕೆ ಒರಗಿ ಕುಂತೈತಲ್ಲ, ಇದು ಗುಂಡಿಗೆ. ಈ ಕಡೆ ಆ ಕಡೆ ಎಲ್ಡು ಕೋಣೆ. ಕೋಣೆ ಖಾಲಿ ಇದ್ರೆ ಕರ್ರಗಿರ್ತದೆ, ಗಾಳಿ ಆಡ್ತಾ ಐತೆ ಅಂತ ಅರ್ಥ. ಬೆಳ್ಳಗಾದ್ರೆ ಏನೋ ಸಾಮಾನು ತುಂಬ್ಕಂಡೈತೆ." ಕ್ಷಯದವರೇ ಹೆಚ್ಚಾಗಿ ಬರುತ್ತಿದ್ದ ಕಾಲ ಅದು. ರೇಷ್ಮೆ ಬಿಚ್ಚುವವರು, ಮಗ್ಗದವರು, ಬೆಟ್ಟದ ಸೋಲಿಗರು, ತಮ್ಮ ಎದೆಯನ್ನು ತಾವೇ ಮನೆ ನೋಡಿದ ಹಾಗೆ ನೋಡಿಕೊಂಡು ಹೋಗುತ್ತಿದ್ದರು. ನನಗೂ ಫಿಲಂ ಓದಲು ಬಂದದ್ದು ಹೀಗೆಯೇ. ಬಾರದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ಎದೆಯ ಫಿಲಂ ತೆಗೆಯಬೇಕಾದರೆ ಉಸಿರನ್ನು ಪೂರ್ತಿ ಎಳೆದು ಹಿಡಿದುಕೊಳ್ಳಬೇಕು. ಇಷ್ಟು ಹೇಳಿದರೆ ಯಾರಿಗೂ ಆಗುತ್ತಿರಲಿಲ್ಲ. ಕೆಲವರು ಹೊಟ್ಟೆ ಉಬ್ಬಿಸುವರು, ಕೆಲವರು ಕಣ್ಣು ಮುಚ್ಚಿಕೊಂಡು ಉಸಿರನ್ನು ಹೊರಗೆ ಬಿಟ್ಟೇ ಬಿಡುವರು. ಎಕ್ಸ್‌ರೇ ಸಾ ಅದಕ್ಕೆ ತಮ್ಮದೇ ದಾರಿ ಕಂಡುಕೊಂಡಿದ್ದರು. ಎದುರಿಗೆ ನಿಂತವರ ಕಸುಬು, ನಡೆ ನೋಡಿ ಅವರವರ ಉಸಿರನ್ನೇ ಕೇಳುತ್ತಿದ್ದರು. ಮಾದಪ್ಪನ ಒಕ್ಕಲಿನ ರೈತನಿಗೆ, "ಬೆಟ್ಟ ಅತ್ತುವಾಗ ಉಘೇ ಅನ್ನಾಕ್ಮುಂಚೆ ಎಷ್ಟು ಉಸ್ರು ಎಳ್ಕತೀಯ? ಅಷ್ಟೂ ಎಳ್ಕ. ಕೂಗ್ಬ್ಯಾಡ. ಅಂಗೇ ಮಡಿಕ್ಕ." ಬಿಳಿಗಿರಿರಂಗನ ಬೆಟ್ಟದಿಂದ ಬಂದ ಸೋಲಿಗನಿಗೆ, "ಆನೆ ಎದುರ್ಗೆ ನಿಂತದೆ ಅನ್ಕ. ಉಸ್ರು ಬುಟ್ಯೋ, ಕೆಟ್ಟೆ." ಹೆಂಗಸರಿಗೆ, ದೂರದ ಕೆರೆ ಏರಿಯ ಮೇಲಿರುವ ಮಗನನ್ನು ಊಟಕ್ಕೆ ಕರೆಯಬೇಕು ಎನ್ನುವರು. ಒಮ್ಮೆ ದೊಡ್ಡ ವ್ಯಾಪಾರಸ್ಥರೊಬ್ಬರು ಎದೆಯ ಮೇಲಿನ ಬೆಳ್ಳಿ ಕರಡಿಗೆಯನ್ನು ತೆಗೆಯಲು ಒಪ್ಪಲಿಲ್ಲ. ಲಿಂಗ ಮೈಮೇಲಿಂದ ಇಳಿಯಕೂಡದು ಎಂದು ಹಟ ಹಿಡಿದರು. ಬೆಳ್ಳಿ ಇದ್ದರೆ ಫಿಲಂನ ನಟ್ಟನಡುವೆ ಬಿಳಿಯ ಮುದ್ದೆ ಬರುತ್ತದೆ. ಎಕ್ಸ್‌ರೇ ಸಾ ತಲೆ ಕೆಡಿಸಿಕೊಳ್ಳಲಿಲ್ಲ. "ಇಳುಸ್ಬ್ಯಾಡಿ ಬುದ್ಧಿ. ಎಡಗೈಯಾಗೆ ಇಡ್ಕಳಿ. ಕೈಯೂ ಮೈಯೇ ಅಲ್ವಾ" ಎಂದರು. ಅವರು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ನಿಂತಷ್ಟೇ ಗಂಭೀರವಾಗಿ ನಿಂತರಂತೆ.

ಇಷ್ಟೆಲ್ಲ ತಾಳ್ಮೆಯ ಮನುಷ್ಯನಿಗೆ ಮಸುಕು ಫಿಲಂ ಕಂಡರೆ ಮಾತ್ರ ಮೈಯುರಿಯುತ್ತಿತ್ತು. ಇಲ್ಲಿಯ ಫಿಲಂಗಳು ಮೈಸೂರಿಗೆ ಹೋಗುತ್ತವೆ, ಅಲ್ಲಿಯ ಡಾಕ್ಟರುಗಳು ನೋಡುತ್ತಾರೆ ಎಂಬುದು ಅವರ ತಲೆಯಲ್ಲಿ ಯಾವಾಗಲೂ ಇರುತ್ತಿತ್ತು. "ಕೊಳ್ಳೇಗಾಲದೋನು ಕಾಡ್ನಾಗೆ ಕುಂತು ತೆಗ್ದವ್ನೆ ಅಂತ ಅವ್ರು ನಗ್ಬೇಕಾ?" ಎಂದು ಹೇಳಿ ಇನ್ನೊಂದು ತೆಗೆಯುವರು. ಹಳೆಯ ಡಾಕ್ಟರು ಫಿಲಂ ಹಾಳೆಂದು ಗೊಣಗಿದರೂ ಕೇಳುತ್ತಿರಲಿಲ್ಲ. ಚೆನ್ನಾಗಿ ಬಾರದವನ್ನು ಮೇಜಿನ ಕೆಳಗಿನ ರಟ್ಟಿನ ಪೆಟ್ಟಿಗೆಗೆ ಎಸೆಯುವರು. ಪೆಟ್ಟಿಗೆ ತುಂಬಿದ ಮೇಲೆ ಸೋಡಾ ಹಾಕಿದ ಬಿಸಿನೀರಿನಲ್ಲಿ ತೊಳೆದರೆ ನೆರಳೆಲ್ಲ ಬಿಟ್ಟುಹೋಗಿ ಬರಿಯ ಹಾಳೆ ಉಳಿಯುತ್ತದೆ. ಅಕ್ಕಪಕ್ಕದ ಮನೆಯವರು ಅದನ್ನು ಒಡೆದ ಕಿಟಕಿಗೆ ಗಾಜಿನ ಬದಲು ಬಡಿದುಕೊಳ್ಳಲು ಒಯ್ಯುತ್ತಿದ್ದರು.

ನನ್ನ ಗಂಡ ಬಸ್ ಕಂಡಕ್ಟರಾಗಿದ್ದರು. ಕೊಳ್ಳೇಗಾಲದಿಂದ ಹನೂರಿನ ಮೇಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಬಸ್ಸು. ನಾನು ಮಿಡಲ್ ಸ್ಕೂಲಿನ ಟೀಚರು. ಕಂಡಕ್ಟರನನ್ನು ಕಟ್ಟಿಕೊಂಡೆ ಎಂದು ನಮ್ಮ ಕಡೆಯವರಿಗೆ ಸಣ್ಣದೊಂದು ಅಸಮಾಧಾನವಿತ್ತು, ನನಗಿರಲಿಲ್ಲ. ಎಕ್ಸ್‌ರೇ ಸಾ ಶನಿವಾರ ಸಾಯಂಕಾಲ ಊರಿಗೆ ಹೋಗುತ್ತಿದ್ದದ್ದು ಇದೇ ಬಸ್ಸಿನಲ್ಲಿ. ಹನೂರು ಬರುವತನಕ ಇಬ್ಬರದೂ ಮಾತು ಮುಗಿಯುತ್ತಿರಲಿಲ್ಲ. ಒಂದು ಶನಿವಾರ ಅವರು ಟಿಕೆಟ್ಟು ತೆಗೆದುಕೊಳ್ಳುವುದು ಬಿಟ್ಟು ನನ್ನ ಗಂಡನ ಕುತ್ತಿಗೆಯನ್ನೇ ನೋಡುತ್ತ, "ಕಂಡಕ್ಟ್ರೇ, ಕಾಲರ್ ಗುಂಡಿ ಯಾಕ್ ಬುಟ್ಟಿದ್ದೀರಿ? ಶೋಕಿನಾ?" ಎಂದು ಕೇಳಿದರಂತೆ. "ಇಲ್ಲ ಸಾ, ಇಡಿಸ್ತಿಲ್ಲ" ಎಂದರಂತೆ ಇವರು. ಸೋಮವಾರ ಬೆಳಿಗ್ಗೆ ಎಕ್ಸ್‌ರೇ ಸಾ ನಮ್ಮ ಮನೆ ಬಾಗಿಲಿಗೇ ಬಂದರು. ಕುತ್ತಿಗೆಯ ಎರಡೂ ಬದಿ ಮುಟ್ಟಿ ನೋಡಿದರು. ಎರಡೂ ಕಡೆ ಗಂಟುಗಳಿದ್ದವು, ನೋಯುತ್ತಿರಲಿಲ್ಲ. ನೋಯದೆ ಇರುವುದೇ ಅವರಿಗೆ ಹಿಡಿಸಲಿಲ್ಲ. "ಇವತ್ತೇ ಮೈಸೂರ್ಗೆ ಓಗಿ ಅಮ್ಮಾ. ನಾಳೆ ಅನ್ಬ್ಯಾಡಿ" ಎಂದು ನನಗೆ ಹೇಳಿದರು. ಕಾಯಿಲೆಯನ್ನು ಮೊದಲು ಕಂಡವರು ಅವರೇ ಎಂಬುದನ್ನು ಮರೆತರೆ ನಾನು ಮನುಷ್ಯಳಲ್ಲ.

ಮೈಸೂರಿನ ಡಾಕ್ಟರು ಗಂಟನ್ನು ಕೊಯ್ದು ಪರೀಕ್ಷಿಸಿ ಅದು ಕ್ಯಾನ್ಸರ್ ಎಂದರು. ಚಿಕ್ಕ ವಯಸ್ಸಿನವರು, ಹೊರದೇಶದಲ್ಲಿ ಓದಿ ಬಂದವರು. ಹೊಸದೊಂದು ಔಷಧ ಇದೆ, ವಾರಕ್ಕೊಂದು ಸೂಜಿ, ಗಂಟುಗಳು ಕರಗುತ್ತವೆ ಎಂದು ಧೈರ್ಯ ಹೇಳಿದರು. ಆಮೇಲೆ ನನ್ನನ್ನು ಒಬ್ಬಳನ್ನೇ ಕೂರಿಸಿಕೊಂಡು ಇನ್ನೊಂದು ಮಾತು ಹೇಳಿದರು. ಈ ಔಷಧ ಕೆಲವರ ಶ್ವಾಸಕೋಶಕ್ಕೆ ಆಗುವುದಿಲ್ಲ, ಅದನ್ನು ಒಳಗಿಂದ ಗಡುಸು ಮಾಡಿಬಿಡುತ್ತದೆ. ಹಾಗೆ ಆಗಲು ಶುರುವಾದರೆ ಎದೆಯ ಫಿಲಂನಲ್ಲಿ ಕೆಳಗಡೆ ಎರಡೂ ಮೂಲೆಗೆ ತೆಳ್ಳನೆಯ ಬಲೆಯ ಹಾಗೆ ನೆರಳು ಕಾಣುತ್ತದೆ. ಕಂಡ ದಿನವೇ ಸೂಜಿ ನಿಲ್ಲಿಸಬೇಕು, ಆಮೇಲೆ ನಿಲ್ಲಿಸಿದರೆ ಪ್ರಯೋಜನವಿಲ್ಲ. ಅದಕ್ಕಾಗಿ ಹದಿನೈದು ದಿನಕ್ಕೊಂದು ಫಿಲಂ ಬೇಕು. ಅಲ್ಲಿ ಫಿಲಂ ತೆಗೆಸಲು ಒಂದು ದಿನ, ಒಣಗಿ ಕೈಗೆ ಬರಲು ಇನ್ನೊಂದು ದಿನ ಕಾಯಬೇಕಾಗಿದ್ದರಿಂದ, ನಿಮ್ಮೂರಿನಲ್ಲೇ ತೆಗೆಸಿಕೊಂಡು ಬನ್ನಿ ಎಂದು ಹೇಳಿ ಎಕ್ಸ್‌ರೇ ಸಾ ಅವರಿಗೆ ಒಂದು ಕಾಗದ ಬರೆದುಕೊಟ್ಟರು. ಪ್ರತಿ ಸಲವೂ ಅಷ್ಟೇ ದೂರ, ಅದೇ ನಿಲುವು, ಪೂರ್ತಿ ಉಸಿರು; ಕೆಳಗಿನ ಮೂಲೆಗಳಲ್ಲಿ ಬಲೆಯಂಥ ನೆರಳು ಬಂದಿದೆಯೇ ಎಂದು ಜಾಗ್ರತೆಯಾಗಿ ನೋಡುವುದು ಎಂದು ಅದರಲ್ಲಿತ್ತು.

ಆ ಕಾಗದವನ್ನು ಅವರು ಮೂರು ಸಲ ಓದಿದ್ದನ್ನು ನಾನು ಕಂಡಿದ್ದೇನೆ. ಮೈಸೂರಿನ ಡಾಕ್ಟರೊಬ್ಬರು ತಮ್ಮ ಕೆಲಸವನ್ನು ನಂಬಿ ಬರೆದದ್ದು ಅವರಿಗೆ ಸನ್ಮಾನ ಮಾಡಿದಷ್ಟಾಗಿತ್ತು. ಮಾರನೆಯ ದಿನ ಹೋಗುವಷ್ಟರಲ್ಲಿ ನೆಲದ ಮೇಲೆ ಬಿಳಿಯ ಬಣ್ಣದಲ್ಲಿ ಎರಡು ಹೆಜ್ಜೆ ಬರೆದಿಟ್ಟಿದ್ದರು, ಕಂಡಕ್ಟರು ಪ್ರತಿ ಸಲ ಅಲ್ಲೇ ನಿಲ್ಲಬೇಕೆಂದು. "ಕಂಡಕ್ಟ್ರೇ, ಸೀಟಿ ಬಾಯ್ಗಿಟ್ಟಿದ್ದೀರಿ. ಉಸ್ರು ಪೂರಾ ಎಳ್ದಿದ್ದೀರಿ. ಆದ್ರೆ ಮುದ್ಕಿ ಇನ್ನೂ ಬಸ್ ಅತ್ತಿಲ್ಲ. ಊದಂಗಿಲ್ಲ. ಇಡ್ಕಳಿ!" ಎಂದು ಕೂಗಿದರು. ನನ್ನ ಗಂಡನಿಗೆ ನಗು ಬಂದು ಮೊದಲ ಸಲ ಕೆಟ್ಟಿತು. ಎರಡನೆಯ ಸಲ ಕೋಣೆಗಳು ಕರ್ರಗೆ, ಮೂಲೆಗಳು ಚೂಪಾಗಿ ಬಂದವು.

ಗಂಟು ಕರಗಿತು. ಐದನೆಯ ಸೂಜಿಯ ಹೊತ್ತಿಗೆ ಕುತ್ತಿಗೆ ಮೊದಲಿನಂತಾಯಿತು. ಇವರು ಕನ್ನಡಿಯ ಮುಂದೆ ನಿಂತು ಖಾಕಿ ಅಂಗಿಯ ಕಾಲರ್ ಗುಂಡಿ ಹಾಕಿ ತೆಗೆದು, ಹಾಕಿ ತೆಗೆದು ಮಾಡಿದರು. ಕೂದಲು ಉದುರಿತ್ತು, ಬೆರಳ ಗೆಣ್ಣುಗಳು ಕಪ್ಪಾಗಿದ್ದವು, ಆದರೂ ಆ ತಿಂಗಳು ನಮ್ಮ ಮನೆಯಲ್ಲಿ ಹಬ್ಬವಿದ್ದಂತಿತ್ತು. ಹದಿನೈದು ದಿನಕ್ಕೆ ತೆಗೆದ ಫಿಲಂ, ತಿಂಗಳಿಗೆ ತೆಗೆದ ಫಿಲಂ ಎಲ್ಲವೂ ಒಂದರ ಪಡಿಯಚ್ಚು ಇನ್ನೊಂದು. ಎಕ್ಸ್‌ರೇ ಸಾ ಮೂರನ್ನೂ ಸಾಲಾಗಿ ಕಿಟಕಿಗೆ ಸಿಕ್ಕಿಸಿ, ಹಿಂದಕ್ಕೆ ಸರಿದು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದರು.

ನಾಲ್ಕನೆಯ ಸಲ ಹೋದದ್ದು ಬೇಸಿಗೆಯ ಒಂದು ಮಧ್ಯಾಹ್ನ. ನಾನು ಸ್ಕೂಲಿಗೆ ಅರ್ಧ ದಿನ ರಜ ಹಾಕಿ ಬಂದಿದ್ದೆ. ಇವರು ಬಿಳಿ ಹೆಜ್ಜೆಯ ಮೇಲೆ ನಿಂತರು, ಎಕ್ಸ್‌ರೇ ಸಾ ಮುದುಕಿಯನ್ನು ಬಸ್ ಹತ್ತಿಸಿದರು, ಫಿಲಂ ತೊಳೆದು ಒದ್ದೆಯಲ್ಲೇ ಬೆಳಕಿಗೆ ಹಿಡಿದರು. ಕೆಳಗಿನ ಎರಡೂ ಮೂಲೆಗಳಲ್ಲಿ ಮಬ್ಬಿತ್ತು. "ಪೂರಾ ಎಳ್ದಿಲ್ಲ ಕಂಡಕ್ಟ್ರೇ. ಅರ್ಧ ಉಸ್ರು ಎಳುದ್ರೆ ಕೆಳ್ಗೆಲ್ಲ ಇಂಗೇ ಮಬ್ಬಾಯ್ತದೆ" ಎಂದರು. ಇವರು, "ಎಳ್ದೆ ಸಾ. ಎಲ್ಲೋ ತಡೀತದೆ" ಎಂದರು. ಆ ಮಾತನ್ನು ಅವತ್ತು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅರ್ಧ ಉಸಿರಿಗೆ ಮಬ್ಬು ಬರುವುದು ನಿಜವೇ. ಇಪ್ಪತ್ತು ವರ್ಷದಲ್ಲಿ ಅವರು ಸಾವಿರ ಸಲ ಕಂಡಿದ್ದರು. ಮಧ್ಯಾಹ್ನದ ಕರೆಂಟನ್ನೂ ಬೈದರು. ಎರಡನೆಯದನ್ನು ತೆಗೆದರು, ಅದೂ ಹಾಗೇ ಬಂತು. ಮೂರನೆಯದಕ್ಕೆ ಮಿಷನ್ನಿನ ಶಕ್ತಿಯನ್ನು ಒಂದು ಗೆರೆ ಏರಿಸಿದರು. ಇವರು ಕುತ್ತಿಗೆಯ ನರ ಉಬ್ಬುವಷ್ಟು ಉಸಿರೆಳೆದು, ಮುಖ ಕೆಂಪಾಗುವತನಕ ಹಿಡಿದುಕೊಂಡರು. ಮೂರನೆಯದು ಕರ್ರಗೆ, ಚೊಕ್ಕಟವಾಗಿ ಬಂತು. ಮೊದಲೆರಡು ಮೇಜಿನ ಕೆಳಗಿನ ಪೆಟ್ಟಿಗೆಗೆ ಹೋದವು.

ಮೈಸೂರಿನ ಡಾಕ್ಟರು ಚೊಕ್ಕಟವಾದ ಫಿಲಂ ನೋಡಿ ಇನ್ನೆರಡು ಸೂಜಿ ಕೊಟ್ಟರು.

ಆಮೇಲೆ ಒಣ ಕೆಮ್ಮು ಶುರುವಾಯಿತು. ಬಸ್ಸಿನ ಮೆಟ್ಟಿಲು ಹತ್ತಿದರೆ ಇವರು ಕಂಬಿ ಹಿಡಿದು ನಿಲ್ಲುತ್ತಿದ್ದರು. ಒಂದು ದಿನ ಹನೂರಿನ ಸ್ಟ್ಯಾಂಡಿನಲ್ಲಿ ಸೀಟಿ ಬಾಯಿಗಿಟ್ಟರೆ ಶಬ್ದವೇ ಬರಲಿಲ್ಲವಂತೆ. ಡ್ರೈವರು ತಿರುಗಿ ನೋಡಿ ತಾನೇ ಬಸ್ ಬಿಟ್ಟನಂತೆ. ಐದನೆಯ ಸಲದ ಫಿಲಂನಲ್ಲಿ ಬಲೆ ಅರ್ಧ ಎದೆಯವರೆಗೆ ಹತ್ತಿತ್ತು. ಯಾವ ಉಸಿರಿಗೂ ಯಾವ ಕರೆಂಟಿಗೂ ಅದು ಹೋಗುವಂತಿರಲಿಲ್ಲ. ಮೈಸೂರಿನಲ್ಲಿ ಡಾಕ್ಟರು ಐದೂ ಫಿಲಂಗಳನ್ನು ಸಾಲಾಗಿಟ್ಟು ಹಿಂದೆ ಮುಂದೆ ನೋಡಿದರು. "ಹದಿನೈದು ದಿನದ ಹಿಂದೆ ಏನೂ ಇಲ್ಲ. ಇಷ್ಟು ಬೇಗ ಹೇಗೆ ಬಂತು?" ಎಂದು ತಮ್ಮಷ್ಟಕ್ಕೆ ತಾವೇ ಕೇಳಿಕೊಂಡರು. ನಾನು ಅಲ್ಲೇ ನಿಂತಿದ್ದೆ, ಸುಮ್ಮನೆ ನಿಂತಿದ್ದೆ.

ಸೂಜಿ ನಿಲ್ಲಿಸಿದರು. ಬೇರೆ ಮಾತ್ರೆ ಕೊಟ್ಟರು, ಆಕ್ಸಿಜನ್ ಇಟ್ಟರು. ಕೊನೆಯ ದಿನಗಳಲ್ಲಿ ಇವರು ಎರಡು ಮಾತಿಗೆ ಒಂದು ಸಲ ನಿಲ್ಲಿಸಿ ಉಸಿರು ಹುಡುಕುತ್ತಿದ್ದರು. ನನ್ನ ಕೈಯನ್ನು ತೆಗೆದು ತಮ್ಮ ಕುತ್ತಿಗೆಯ ಮೇಲಿಟ್ಟುಕೊಂಡು, "ನೋಡು, ಗಂಟು ಓಯ್ತಲ್ಲ" ಎಂದರು. ಹೋಗಿತ್ತು. ಗಂಟು ಇಲ್ಲದ ಕುತ್ತಿಗೆಯಲ್ಲೇ ಅವರು ಸತ್ತರು. ಮೂವತ್ತೆಂಟು ವರ್ಷ ಅವರಿಗೆ. ನನಗೆ ಅಳಲಿಕ್ಕೆ ಕೂಡ ಸಿಟ್ಟು ಬಿಡಲಿಲ್ಲ.

ಕಾರ್ಯವೆಲ್ಲ ಮುಗಿದು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಎಕ್ಸ್‌ರೇ ಸಾ ಮನೆಗೆ ಬಂದರು. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ. ಕಂಕುಳಲ್ಲಿದ್ದ ಕಂದು ಲಕೋಟೆಯಿಂದ ಎರಡು ಫಿಲಂ ತೆಗೆದು ನಮ್ಮ ಕಿಟಕಿಯ ಸರಳಿಗೆ ಸಿಕ್ಕಿಸಿದರು. ಪೆಟ್ಟಿಗೆಗೆ ಎಸೆದಿದ್ದ ಎರಡು.

"ನೋಡಿ ಅಮ್ಮಾ" ಎಂದರು. "ಇದು ಉಸ್ರಿನ ಮಬ್ಬಲ್ಲ. ಉಸ್ರಿನ ಮಬ್ಬಾಗಿದ್ರೆ ಎಲ್ಡು ಸಲ ಒಂದೇ ಜಾಗದಾಗೆ, ಒಂದೇ ತರ ಬೀಳಾಕಿಲ್ಲ. ಇದು ಬಲೆ. ಡಾಕ್ಟ್ರು ಕಾಗ್ದದಲ್ಲಿ ಬರ್ದಿದ್ರು, ನಾನು ಓದಿದ್ದೆ. ಅವ್ರು ತಡೀತದೆ ಅಂದ್ರು, ನಾನು ಕೇಳ್ನಿಲ್ಲ. ಸಕ್ತಿ ಏರುಸ್ದೇಟ್ಗೆ ಮೂರ್ನೇದ್ರಾಗೆ ತೆಳ್ಳನೆ ಬಲೆ ಕರ್ರಗೆ ಮುಚ್ಕಂಡೋಯ್ತು. ಇದ್ನ ಕಳುಸ್ಬೇಕಾಗಿತ್ತು. ಚೆಂದಾಗಿರೋದ್ನ ಕಳುಸ್ದೆ."

ಬಂದು ಹೇಳಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಆ ಎರಡನ್ನೂ ಸೋಡಾ ನೀರಿಗೆ ಹಾಕಿದ್ದರೆ ಹತ್ತು ನಿಮಿಷದಲ್ಲಿ ಬರಿಯ ಹಾಳೆಯಾಗಿ ಯಾರದೋ ಮನೆಯ ಕಿಟಕಿಗೆ ಹೋಗುತ್ತಿದ್ದವು. ಅದೆಲ್ಲ ನನಗೆ ಆಮೇಲೆ ಹೊಳೆದದ್ದು. ಅವತ್ತು ನಾನು ನೋಡಿದ್ದು ನನ್ನ ಗಂಡನ ಜಂತೆಗಳನ್ನು, ನಡುಗಂಬವನ್ನು, ಎಡಕ್ಕೆ ಒರಗಿದ ಗುಂಡಿಗೆಯನ್ನು. ಕೆಳಗಿನ ಮೂಲೆಗಳಲ್ಲಿ ಅದು ಇತ್ತು. ಫಿಲಂ ಓದಲು ನನಗೆ ಬರುತ್ತಿತ್ತಲ್ಲ.

"ನೀವೇ ಕೊಂದಿರಿ" ಎಂದೆ. "ನಿಮ್ಮ ಚೆಂದದ ಫಿಲಂ ಅವರನ್ನು ಕೊಂದಿತು. ಎದ್ದು ಹೋಗಿ."

ಅವರು ನಿಂತೇ ಇದ್ದರು, ಏಳುವುದೆಲ್ಲಿ ಬಂತು. ಒಂದು ಸಲ ನನ್ನ ಮುಖ ನೋಡಿದರು. ಏನೋ ಹೇಳುತ್ತಾರೆ ಎಂದುಕೊಂಡೆ. ಹೇಳಲಿಲ್ಲ. ಕೈ ಮುಗಿದು, ಫಿಲಂಗಳನ್ನು ಲಕೋಟೆಗೆ ಹಾಕಿಕೊಂಡು ಹೋದರು. ಮಾರನೆಯ ದಿನ ಮೈಸೂರಿಗೆ ಹೋಗಿ ಅವನ್ನು ಡಾಕ್ಟರ ಮೇಜಿನ ಮೇಲಿಟ್ಟು, ತಪ್ಪು ತಮ್ಮದೆಂದು ಹೇಳಿ ಬಂದರೆಂದು ಆ ಡಾಕ್ಟರ ಕಾಗದದಿಂದ ನನಗೆ ತಿಳಿಯಿತು. ಆ ಎರಡು ಸೂಜಿ ತಪ್ಪಿಸಿದ್ದರೆ ಉಳಿಯುತ್ತಿದ್ದರು ಎಂದು ಖಂಡಿತವಾಗಿ ಹೇಳಲಾರೆ, ಉಳಿಯುತ್ತಿರಲಿಲ್ಲ ಎಂದೂ ಹೇಳಲಾರೆ ಎಂದು ಅವರು ಬರೆದಿದ್ದರು. ಆ ಕಾಗದವನ್ನು ಓದಿ ಒಲೆಗೆ ಹಾಕಿದೆ.

ಎರಡು ವರ್ಷ ನಾನು ಆ ಕ್ಲಿನಿಕ್ಕಿನ ಬೀದಿಯಲ್ಲಿ ನಡೆಯಲಿಲ್ಲ. ಆಮೇಲೆ ಯಳಂದೂರಿನಿಂದ ತಾಯಿಯನ್ನು ಕರೆದುಕೊಂಡು ಹೋಗಲೇಬೇಕಾಯಿತು. ಬಿಡದ ಕೆಮ್ಮು, ಊರಿನಲ್ಲಿ ಬೇರೆ ಕಡೆ ಮಿಷನ್ನು ಕೆಟ್ಟಿತ್ತು. ಎಕ್ಸ್‌ರೇ ಸಾ ನನ್ನನ್ನು ನೋಡಿ ಎದ್ದು ನಿಂತರು. ಕೂದಲು ಪೂರ್ತಿ ಹಣ್ಣಾಗಿತ್ತು. ಅಮ್ಮನಿಗೆ ಉಸಿರು ಎಳೆಯಲು ಆಗಲಿಲ್ಲ. ಎಕ್ಸ್‌ರೇ ಸಾ ಈ ಸಲ ಆನೆಯನ್ನೂ ಕರೆಯಲಿಲ್ಲ, ಬಸ್ಸನ್ನೂ ಕರೆಯಲಿಲ್ಲ. "ಆಗೋಷ್ಟು ಎಳ್ಕವ್ವಾ. ಆಗ್ದಿದ್ರೆ ಬುಡು" ಎಂದು ಮೆಲ್ಲಗೆ ಹೇಳಿ ತೆಗೆದರು. ಎರಡು ಫಿಲಂ ತೆಗೆದರು, ಎರಡೂ ಮಸುಕು. ಎರಡನ್ನೂ ಲಕೋಟೆಗೆ ಹಾಕಿ ಮೇಲೆ ಒಂದು ಚೀಟಿ ಗುಂಡುಸೂಜಿಯಿಂದ ಚುಚ್ಚಿದರು. "ರೋಗಿಗೆ ಉಸಿರು ಪೂರ್ತಿ ಎಳೆಯಲು ಆಗುತ್ತಿಲ್ಲ. ಯಾಕೆಂದು ನೋಡಬೇಕು." ದುಂಡಾದ ಅಕ್ಷರ, ಸ್ಕೂಲ್ ಹುಡುಗರ ಬರಹದ ಹಾಗೆ.

ಎಲ್ಲರ ಲಕೋಟೆಗೂ ಅಂಥ ಚೀಟಿ ಇರುತ್ತದೆ ಎಂದು ಹಳೆಯ ಡಾಕ್ಟರು ನನ್ನ ಹತ್ತಿರ ದೂರಿಕೊಂಡರು. ತೆಗೆದ ಒಂದು ಫಿಲಂ ಕೂಡ ಎಸೆಯುವುದಿಲ್ಲವಂತೆ. ಕೆಟ್ಟದ್ದು, ಅಲುಗಿದ್ದು, ಮಸುಕಾದದ್ದು ಎಲ್ಲವನ್ನೂ ಹೀಗೇ ಮೈಸೂರಿಗೆ ಕಳಿಸುತ್ತಾರಂತೆ, ಅಲ್ಲಿಯವರು ನಗುತ್ತಾರಂತೆ. "ನಗ್ಲಿ ಬುಡಿ ಸಾ" ಎನ್ನುತ್ತಾರಂತೆ. ಮಗ್ಗದ ಕೆಲಸದ ಒಬ್ಬ ಹೆಂಗಸಿಗೂ ಅದೇ ಔಷಧ ಕೊಡುತ್ತಿದ್ದರು. ಅವಳ ಮೂರನೆಯ ಸಲದ ಲಕೋಟೆಯ ಮೇಲೆ ಎಕ್ಸ್‌ರೇ ಸಾ ಬರೆದ ಚೀಟಿ ನೋಡಿ ಮೈಸೂರಿನ ಡಾಕ್ಟರು ಅವತ್ತೇ ಸೂಜಿ ನಿಲ್ಲಿಸಿದರು. ಅವಳು ಬದುಕಿದ್ದಾಳೆ. ಸಂತೆಯಲ್ಲಿ ಕಂಡರೆ ಮೇಲೆ ಬಿದ್ದು ಮಾತಾಡಿಸುತ್ತಾಳೆ. ಅವಳನ್ನು ನೋಡಿ ನನಗೆ ಸಂತೋಷವಾಗಬೇಕು. ಬಹಳ ದಿನ ಆಗಲಿಲ್ಲ, ನನ್ನಷ್ಟಕ್ಕೆ ನಾನೇ ಕೇಳಿಕೊಳ್ಳುತ್ತಿದ್ದೆ. ಅವಳ ಪಾಲಿಗೆ ಬಂದ ಎಕ್ಸ್‌ರೇ ಸಾ ನಮ್ಮ ಪಾಲಿಗೆ ಯಾಕೆ ಬರಲಿಲ್ಲ ಎಂದು.

ಸುದ್ದಿ ಕೇಳಿದ ನಾಲ್ಕನೆಯ ದಿನ ನಾನು ಹನೂರಿಗೆ ಹೋದೆ. ಅವರ ಹೆಂಡತಿಯನ್ನು ಅದುವರೆಗೆ ನೋಡಿರಲಿಲ್ಲ. ಸಣ್ಣಗಿನ ಹೆಂಗಸು, ಗೋಡೆಗೆ ಒರಗಿ ಕುಳಿತಿದ್ದರು. ನಾನು ಯಾರೆಂದು ಹೇಳಿದ ಕೂಡಲೇ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ನಿಮ್ಮೆಸ್ರು ಬಂದಾಗೆಲ್ಲ ತಲೆ ತಗ್ಗುಸ್ಬುಡೋರು ಕಣವ್ವಾ. ಉಂಡ ತಟ್ಟೆ ಅರ್ಧಕ್ಕೇ ಬುಟ್ಟು ಏಳೋರು. ಏನಾಯ್ತು ಅಂದ್ರೆ, ನನ್ನಿಂದ ತಪ್ಪಾಯ್ತು ಅನ್ನೋರು, ಅಷ್ಟೇ. ಅದ್ರಿಂದಾಚೆಗೆ ಬಾಯೇ ಬುಡ್ಲಿಲ್ಲ. ಅದೇನು ತಪ್ಪು ಮಾಡಿದ್ರವ್ವಾ ನಿಮ್ಗೆ? ಈಗ್ಲಾದ್ರೂ ಯೋಳಿ, ನಾನು ತಿಳ್ಕಂಡು ಸಾಯ್ತೀನಿ."

"ಏನೂ ಇಲ್ಲ ಕಣಮ್ಮ" ಎಂದೆ. ಅವರ ಮಗಳು ತಂದುಕೊಟ್ಟ ಮಜ್ಜಿಗೆ ಕುಡಿದು ಬಸ್ ಹತ್ತಿದೆ. ಹೇಳಬೇಕಾಗಿದ್ದ ಜಾಗದಲ್ಲಿ ನಾನು ಹೇಳಲಿಲ್ಲ, ಆದ್ದರಿಂದ ಈಗ ಬರೆಯುತ್ತಿದ್ದೇನೆ.

ಆ ಬೇಸಿಗೆಯ ಮಧ್ಯಾಹ್ನ, ಎರಡನೆಯ ಫಿಲಂ ಮಸುಕಾಗಿ ಬಂದಾಗ, ಎಕ್ಸ್‌ರೇ ಸಾ ಅದನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಯಾಕೋ ಎಲ್ಡೂ ಒಂದೇ ತರ ಬಂದವೆ ಅಮ್ಮಾ. ಇದ್ನೇ ಕಳುಸ್ವಾ ಅನ್ಸ್ತದೆ" ಎಂದರು. ಬೇಡ ಎಂದವಳು ನಾನು. "ಇಂಥದ್ದನ್ನು ತಗೊಂಡು ಹೋದರೆ ಡಾಕ್ಟರು ಸೂಜಿ ನಿಲ್ಲಿಸಿಬಿಡುತ್ತಾರೆ. ಗಂಟು ಕರಗುತ್ತಾ ಇದೆ. ಇನ್ನೊಂದು ತೆಗೀರಿ, ಸರಿಯಾಗಿ ತೆಗೀರಿ" ಎಂದೆ. ಬಿಳಿ ಹೆಜ್ಜೆಯ ಮೇಲೆ ಏದುಸಿರು ಬಿಡುತ್ತ ನಿಂತಿದ್ದ ನನ್ನ ಗಂಡನಿಗೆ, ಕ್ಲಾಸಿನ ಹುಡುಗರಿಗೆ ಹೇಳುವ ದನಿಯಲ್ಲಿ, "ಸೋಮಾರಿತನ ಮಾಡಬೇಡಿ, ಪೂರ್ತಿ ಎಳೀರಿ" ಎಂದೆ. ಅವರು ನನ್ನ ಮುಖ ನೋಡಿ ತಲೆಯಾಡಿಸಿದರು, ಎಳೆದರು. ನನಗೆ ಕರ್ರಗಿನ ಫಿಲಂ ಬೇಕಾಗಿತ್ತು. ಸಿಕ್ಕಿತು.

ಎಕ್ಸ್‌ರೇ ಸಾ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನಾನು ಅವರನ್ನು ಕೊಲೆಗಾರನೆಂದ ಬೆಳಿಗ್ಗೆಯೂ, ಮೈಸೂರಿನ ಡಾಕ್ಟರ ಎದುರಿನಲ್ಲಿಯೂ, ಕಟ್ಟಿಕೊಂಡ ಹೆಂಡತಿಯ ಹತ್ತಿರವೂ ಆ ಮಾತನ್ನು ಎತ್ತಲಿಲ್ಲ.

ಹನೂರಿನ ಅಮ್ಮಾ, ನಿಮಗೆ ಓದು ಬರುವುದಿಲ್ಲವೆಂದು ಗೊತ್ತು. ನಿಮ್ಮ ಮಗಳು ಓದಿ ಹೇಳಲಿ. ನಿಮ್ಮ ಯಜಮಾನರು ತಮ್ಮ ತಪ್ಪಿನ ಜೊತೆಗೆ ನನ್ನ ತಪ್ಪನ್ನೂ ಹೊತ್ತುಕೊಂಡು ನೀವು ಬಡಿಸಿದ ತಟ್ಟೆಯ ಮುಂದೆ ತಲೆ ತಗ್ಗಿಸಿ ಕುಳಿತಿದ್ದರು. ಮೂರನೆಯ ಫಿಲಂ ತೆಗೆಸಿದವಳು ನಾನು.